ಏಳು ಅಂದರೆ ಹೇಳು

ನಾನು ಮೊದಲ ಬಾರಿ ಪಿಸ್ತೂಲು ಹಾರಿಸಿದ ಬೆಳಿಗ್ಗೆ ಹಿಂದಿನಿಂದ ಒಂದು ಗಡಸು ದನಿ "ಏಳು" ಎಂದಿತು.

ನನಗೆ ರೇಗಿತು. ಟಾರ್ಗೆಟ್ ಕಾಗದ ಹತ್ತು ಮೀಟರ್ ಆಚೆ ತೂಗುತ್ತಿತ್ತು. ಸ್ವಿಚ್ಚು ಒತ್ತಿದರೆ ಅದು ತಂತಿಯ ಮೇಲೆ ಜಾರಿಕೊಂಡು ಹತ್ತಿರ ಬರುತ್ತದೆ, ನಾನಿನ್ನೂ ಒತ್ತಿರಲಿಲ್ಲ. ಹೊಡೆದ ನಾನೇ ನೋಡಿಲ್ಲ. ಹಾಗಿರುವಾಗ ಗುರಿಯ ಕಡೆ ಕಣ್ಣೂ ಹಾಯಿಸದೆ ನನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಮನುಷ್ಯ ಏಳು ಅಂಕ ಎಂದು ತೀರ್ಪು ಕೊಡುವುದೆಂದರೇನು?

"ನೋಡದೆ ಹೇಗೆ ಏಳು ಅಂತೀರಿ?" ಎಂದೆ.

"ನೀನು ಏಳ್ದೆ ನಂಗೆಂಗೆ ಗೊತ್ತಾಯ್ತದೆ? ಏಳು."

"ಒಂಬತ್ತು ಇರಬಹುದಲ್ಲ?"

"ಆಂ, ಒಂಬತ್ತು. ಅದನ್ನೇ ಏಳು ಅಂದಿದ್ದು."

"ಒಂಬತ್ತು ಹೇಗೆ ಏಳಾಗುತ್ತೆ?"

ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದ ಬ್ಯಾಂಕ್ ನೌಕರರೊಬ್ಬರು ಪಿಸ್ತೂಲು ಕೆಳಗಿಟ್ಟು ನಕ್ಕರು. "ಮೇಡಂ, ಗೌಡ್ರು ಹೇಳು ಅಂತಿದಾರೆ. ನೋಡೋಕ್ ಮುಂಚೆ, ಎಲ್ಲಿಗೆ ಬಿತ್ತು ಅಂತ ಬಾಯಲ್ಲಿ ಹೇಳ್ಬೇಕು. ಇಲ್ಲಿ ಅದೇ ರೂಲು."

ಗೌಡರು ಶೆಟ್ಟಿಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಅವರ ನಾಲಿಗೆಯ ಮೇಲೆ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಬ್ಬ ಅಬ್ಬವಾಗುತ್ತಿತ್ತು. ಗುರಿಯ ನಡುಮಧ್ಯಕ್ಕೆ ಹೊಡೆದು ಪೂರಾ ಹತ್ತು ಅಂಕ ತೆಗೆದವರಿಗೆ "ಅತ್ತು ಬಂತಲ್ಲಮ್ಮ, ಇನ್ನೇನ್ ಬೇಕು" ಎಂದು ಬೆನ್ನು ತಟ್ಟಿದರೆ, ಹೊಸಬರು ಅಪ್ರಯತ್ನವಾಗಿ ಕಣ್ಣು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋದದ್ದು ಒಂದು ವಾದವನ್ನು ಭದ್ರಪಡಿಸಿಕೊಳ್ಳಲಿಕ್ಕೆ. ಕಾನೂನು ಓದುವಾಗಿನಿಂದ ಚರ್ಚಾಸ್ಪರ್ಧೆ ನನ್ನ ಹುಚ್ಚು; ಈಗ ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ಅದನ್ನೇ ಕಲಿಸುತ್ತೇನೆ. ನಾಗರಿಕರ ಕೈಯಲ್ಲಿ ಬಂದೂಕು ಇರಕೂಡದು ಎಂಬ ವಿಷಯದ ಪರವಾಗಿ ಒಮ್ಮೆ ಮಾತಾಡಿ ಗೆದ್ದಿದ್ದೆ. ಸೋತವನು ಕ್ಯಾಂಟೀನಿನಲ್ಲಿ ಸಿಕ್ಕಿ, "ಮಾತು ಚೆನ್ನಾಗಿತ್ತು. ಜನ್ಮದಲ್ಲಿ ಒಂದನ್ನಾದ್ರೂ ಮುಟ್ಟಿದೀಯಾ?" ಎಂದ. ಅದು ವಾದವೇ ಅಲ್ಲ. ವಿಷ ಬೇಡ ಎನ್ನಲು ವಿಷ ಕುಡಿದು ನೋಡಬೇಕಿಲ್ಲ. ಈ ಉತ್ತರ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಅದಕ್ಕೇ ಇರಬೇಕು, ಅವನ ಮಾತು ಹಲ್ಲಿನ ಸಂದಿಯ ಕಡ್ಡಿಯ ಹಾಗೆ ಉಳಿದುಬಿಟ್ಟಿತು.

ಗೌಡರ ಶೂಟಿಂಗ್ ರೇಂಜು ಇದ್ದದ್ದು ಅವರ ಮನೆಯವರದೇ ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿ. ಮೇಲೆ ಹಾರ್ಡ್‌ವೇರ್ ಅಂಗಡಿ, ಅದರ ಮೇಲೆ ಟ್ಯೂಷನ್ನು. ಮೇಲಿನ ಮಕ್ಕಳು ಮಗ್ಗಿ ಒಪ್ಪಿಸುವುದು ಕೆಳಗಿನ ತನಕ ಕೇಳುತ್ತಿತ್ತು. ಕಟ್ಟಡ ಗೌಡರದೂ ಅವರ ಅಣ್ಣನದೂ ಸಮಪಾಲು. ಒಳಗೆ ಕಾಲಿಟ್ಟರೆ ಆಧಾರ್ ಪ್ರತಿ ಕೊಡಬೇಕು, ರಿಜಿಸ್ಟರಿನಲ್ಲಿ ಸಹಿ ಮಾಡಬೇಕು, ಫೋನು ಮೇಜಿನ ಮೇಲಿಡಬೇಕು. ಪಿಸ್ತೂಲು ಖಾಲಿ ಇದೆ ಎಂದು ದೂರದಿಂದಲೇ ಕಾಣಲಿ ಅಂತ ಅದರ ಕೊಳವೆಯೊಳಗೆ ಕಿತ್ತಳೆ ಬಣ್ಣದ ದಾರ ತೂರಿಸಿರುತ್ತಿದ್ದರು. ಅದರ ಬಾಯಿ ಯಾವಾಗಲೂ ಎದುರುಗೋಡೆಯ ಕಡೆಗೇ ಇರಬೇಕು. ಯಾರಾದರೂ ಮರೆತು ತುಸು ತಿರುಗಿದರೆ ಗೌಡರು ಕೂತಲ್ಲಿಂದಲೇ "ಬಾಯಿ ಅತ್ಲಾಗೆ" ಎನ್ನುತ್ತಿದ್ದರು. ನಾನು ಕಾನೂನಿನ ಬಗ್ಗೆ ಭಾಷಣ ಶುರುಮಾಡಿದಾಗಲೂ ಅದನ್ನೇ ಎನ್ನುತ್ತಿದ್ದರು.

ಆಳು ದಪ್ಪ. ಬಿಳಿ ಅಂಗಿ, ಜೇಬಿನೊಳಗಿನ ಫೋನು ಹೊರಗೆ ಕಾಣುವಷ್ಟು ತೆಳು. ನಾಲ್ಕು ಬೆರಳಿಗೂ ಉಂಗುರ. ತಾವು ಹೊಡೆಯಲು ನಿಲ್ಲುವ ಮೊದಲು ಒಂದೊಂದೇ ಉಂಗುರ ತಿರುಪಿ ತೆಗೆದು ಸ್ಟೀಲ್ ಲೋಟಕ್ಕೆ ಹಾಕುತ್ತಿದ್ದರು. ಆ ಟಣ್ ಟಣ್ ಕೇಳಿದ ಕೂಡಲೇ ಮಿಕ್ಕವರು ಸುಮ್ಮನಾಗುತ್ತಿದ್ದೆವು. ಬೇರೆಯವರು ಹೊಡೆಯುವಾಗ ಅವರು ಟಾರ್ಗೆಟ್ ನೋಡುತ್ತಿರಲಿಲ್ಲ, ಹೊಡೆಯುವವರ ಭುಜ ನೋಡುತ್ತಿದ್ದರು. "ಕಾಗದದಲ್ಲಿ ಏನೈತೆ? ತೂತು ಐತೆ. ನೋಡ್ಬೇಕಾದ್ದು ಇಲ್ಲಿ" ಎಂದು ತಮ್ಮ ಭುಜ ತಟ್ಟಿ ತೋರಿಸುತ್ತಿದ್ದರು.

ನೋಡುವ ಮೊದಲು ಹೇಳುವ ರೂಲು ಅವರು ಕಂಡುಹಿಡಿದದ್ದಲ್ಲ, ಶೂಟಿಂಗ್ ಕಲಿಸುವವರೆಲ್ಲ ಅದನ್ನು ಕಲಿಸುತ್ತಾರೆ. ಕೊಳವೆಯ ತುದಿಯ ಸಣ್ಣ ಕಪ್ಪು ಕಡ್ಡಿಯ ಮೇಲೆ ಕಣ್ಣಿಟ್ಟು, ಗುರಿ ಮಸುಕಾಗಲು ಬಿಟ್ಟು, ಟ್ರಿಗರನ್ನು ಹಿಂಡಬೇಕು. ಗುಂಡು ಹೊರಟ ಗಳಿಗೆಯಲ್ಲಿ ಆ ಕಡ್ಡಿ ಎತ್ತ ವಾಲಿತ್ತು ಎಂಬುದು ಹೊಡೆದವರಿಗೆ ಗೊತ್ತಿರಬೇಕು. ಗೊತ್ತಿದ್ದರೆ ಹೇಳಬಹುದು. ಹೇಳಲಾಗದಿದ್ದರೆ ಆ ಗಳಿಗೆಯಲ್ಲಿ ನೀವು ಅಲ್ಲಿರಲಿಲ್ಲ ಎಂದರ್ಥ, ಅಂಕ ಎಷ್ಟೇ ಬಂದಿರಲಿ. ಬೇರೆ ಕಡೆ ಇದು ಹಿಡಿತ ತಿದ್ದುವ ಪಾಠ. ಗೌಡರು ಇದನ್ನು ಮನುಷ್ಯರನ್ನು ಅಳೆಯಲು ಬಳಸುತ್ತಿದ್ದರು.

ನನಗೆ ಇದೇ ಕಷ್ಟವಾದದ್ದು. ಚರ್ಚೆಯಲ್ಲಿ ಪಳಗಿದವರು ಪುರಾವೆ ಕಾಣುವ ಮೊದಲು ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಕಂಡ ಮೇಲೂ ಒಂದು ಬಾಗಿಲು ತೆರೆದಿಟ್ಟಿರುತ್ತೇವೆ. "ಎಂಟು ಇರಬಹುದು, ಆದರೆ ಟ್ರಿಗರ್ ಸ್ವಲ್ಪ ಬಿಗಿ, ಆಮೇಲೆ ಗಾಳಿ…" ಎಂದು ಒಮ್ಮೆ ಶುರುಮಾಡಿದೆ.

"ನೆಲಮಾಳಿಗೆಯಾಗೆ ಯಾವ್ ಗಾಳೀನಮ್ಮ? ನಿನ್ ಬಾಯಿಂದ ಬರೋದೊಂದೇಯ."

ಗೌಡರನ್ನು ಸತ್ಯವಂತರೆಂದು ಬಣ್ಣಿಸಿ ಕೈಮುಗಿಯುವ ಉದ್ದೇಶ ನನಗಿಲ್ಲ. ಅವರ ಕಸುಬು ಮನೆ ಕಟ್ಟಿ ಮಾರುವುದು. ಫ್ಲಾಟು ನೋಡಲು ಬಂದ ದಂಪತಿಗೆ ಅವರು ನನ್ನೆದುರೇ, "ಮೆಟ್ರೋ ಐದ್ ನಿಮಿಷ. ಕಾವೇರಿ ನೀರು ಬರೋ ವರ್ಸ ಬಂದೇಬಿಡ್ತದೆ" ಎಂದು ಕಣ್ಣು ಮಿಟುಕಿಸದೆ ಹೇಳಿದ್ದನ್ನು ಕೇಳಿದ್ದೇನೆ. ಅವತ್ತು ಮೆಟ್ಟಿಲು ಇಳಿಯುವಾಗ ಹಿಡಿದು ನಿಲ್ಲಿಸಿದೆ.

"ಐದು ನಿಮಿಷದಲ್ಲಿ ಮೆಟ್ರೋ ತಲುಪಲು ಏರ್ ಆಂಬುಲೆನ್ಸ್ ಬೇಕು ಗೌಡ್ರೇ. ಕೆಳಗೆ ಒಂದು ಕೂದಲಷ್ಟು ಸುಳ್ಳು ಸಹಿಸಲ್ಲ. ಮೇಲೆ?"

ಅವರು ನಾಚಲಿಲ್ಲ. "ಅಲ್ಲಿ ಬರೋರೆಲ್ಲ ಇವ್ನು ಸುಳ್ಳ್ ಏಳ್ತಾನೆ ಅಂತ ತಿಳ್ಕಂಡೇ ಬರ್ತಾರೆ. ಐದು ಅಂದ್ರೆ ಇಪ್ಪತ್ತೈದು ಅಂತ ಅವ್ರೇ ಲೆಕ್ಕ ಆಕ್ಕಂತಾರೆ. ಪಿಸ್ತೂಲ್‌ಗೆ ಅಂಗೆ ಲೆಕ್ಕ ಆಕ್ಕಳಕ್ಕೆ ಬರಕಿಲ್ಲ ಕಣಮ್ಮ."

ಇದಕ್ಕೆ ಖಂಡನೆ ಇದೆ, ಇರಲೇಬೇಕು. ನಾನಿನ್ನೂ ಹುಡುಕುತ್ತಿದ್ದೇನೆ.

ಅವರ ಅಪ್ಪನ ಕೋವಿಯ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು. ಮನೆತನಕ್ಕೆ ಬೆಳೆ ಕಾಯುವ ಕೋವಿಗೆ ಲೈಸೆನ್ಸ್ ಇತ್ತು. ರಾಗಿ ಹೊಲಕ್ಕೆ ಹಂದಿ ನುಗ್ಗುತ್ತವೆ ಎಂಬ ಕಾರಣಕ್ಕೆ ಕೊಟ್ಟದ್ದು. ಅಪ್ಪ ತೀರಿಕೊಂಡ ಮೇಲೆ ಅದನ್ನು ಹೆಸರಿಗೆ ಮಾಡಿಸಿಕೊಳ್ಳಲು ಗೌಡರೇ ಹೋದರು. ಅಷ್ಟರಲ್ಲಿ ಹೊಲ ಲೇಔಟ್ ಆಗಿತ್ತು.

"ಆಫೀಸರ್ರು ಕೇಳುದ್ರು, ಬೆಳೆ ಎಲ್ಲೈತೆ ಅಂತ. ನಮ್ಮಣ್ಣ ಮೊದ್ಲೇ ಏಳಿದ್ದ, ಎಸರಘಟ್ಟದ ಭಾವನ ಒಲ ತೋರ್ಸು, ಯಾರ್ ಬಂದ್ ನೋಡ್ತಾರೆ ಅಂತ. ನಾನು ಬಾಯಿ ತೆಗ್ದೆ. ತೆಗ್ದೇಟ್ಗೆ ಬಂದಿದ್ದು, ಬೆಳೆ ಇಲ್ಲ ಸ್ವಾಮಿ, ಫ್ಲಾಟ್ ಐತೆ, ಅಂದಿ ಫ್ಲಾಟ್‌ಗೆ ನುಗ್ಗಾಕಿಲ್ಲ ಅಂತ."

"ಯಾಕೆ ಹಾಗಂದ್ರಿ? ನೀವೇನು ಮಹಾ ಸತ್ಯವಂತರೇ?"

"ಅಲ್ಲ. ಅವ್ನು ಕೇಳಿದ್ ರೀತಿ ಅಂಗಿತ್ತು. ನೆಟ್ಗೆ ಮುಖ ನೋಡಿ ಕೇಳ್ದ. ಅಂಗ್ ಕೇಳುದ್ರೆ ನಂಗೆ ಸುಳ್ಳು ಬರಕಿಲ್ಲ."

ಕೋವಿ ಠಾಣೆಗೆ ಹೋಯಿತು. ಮನೆಯ ಗೋಡೆಯಲ್ಲಿ ಎರಡು ಗೂಟ ಉಳಿದವು. ಅಲ್ಲಿಂದಾಚೆ ಪ್ರತಿ ವರ್ಷದ ಆಯುಧಪೂಜೆಯಲ್ಲಿ ಅಣ್ಣ ಆ ಗೂಟಗಳಿಗೇ ಕುಂಕುಮ ಹಚ್ಚಿ ತಮ್ಮನ ಮುಖ ನೋಡುತ್ತಿದ್ದರಂತೆ. ಗೌಡರು ಕ್ರೀಡಾ ಪಿಸ್ತೂಲಿಗೆ ಅರ್ಜಿ ಹಾಕಿ, ವರ್ಷಗಟ್ಟಲೆ ಅಲೆದು, ಕೊನೆಗೆ ನೆಲಮಾಳಿಗೆಯಲ್ಲಿ ರೇಂಜು ತೆರೆದದ್ದು ಇದಾದ ಮೇಲೆ.

ಬಂದೂಕು ಬೇಡವೆಂದು ವಾದಿಸಿ ಗೆದ್ದಿದ್ದ ನಾನೂ, ಹೊಡೆಯುವ ರುಚಿ ಹತ್ತಿ, ಅದೇ ದಾರಿಗೆ ಬಂದೆ. ಏರ್ ಪಿಸ್ತೂಲಿನಿಂದ ನಿಜವಾದ ಮದ್ದಿನ ಪಿಸ್ತೂಲಿಗೆ ಬಡ್ತಿಯಾಗಿ, ರೇಂಜಿನದನ್ನೇ ಗೌಡರ ಕಣ್ಣೆದುರು ಬಳಸುತ್ತಿದ್ದೆ. ಸ್ವಂತದ್ದು ಬೇಕೆಂದರೆ ಪೊಲೀಸ್ ಕಮಿಷನರ ಕಚೇರಿಗೆ ಅರ್ಜಿ ಹಾಕಬೇಕು. ಅದರ ಜೊತೆ, ಇವರಿಗೆ ಆಯುಧವನ್ನು ಸುರಕ್ಷಿತವಾಗಿ ಹಿಡಿಯಲು ಬರುತ್ತದೆ ಎಂದು ಕಲಿಸಿದವರು ಸಹಿ ಮಾಡಿದ ಪ್ರಮಾಣಪತ್ರ ಇರಬೇಕು. ಗೌಡರು ಬಹಳ ಕಾಲ ಆ ಸಹಿ ಹಾಕಲಿಲ್ಲ. "ನೀನಿನ್ನೂ ಗುಂಡಿನ ಜೊತೆ ವಾದ ಮಾಡ್ತಾ ಇದ್ದೀಯ" ಎನ್ನುತ್ತಿದ್ದರು. ಒಂದು ದಿನ ನಾನು ಹೊಡೆದು, "ಆರು. ಕೆಳಗೆ, ಎಡಕ್ಕೆ. ನಾನೇ ಎಳೆದೆ" ಎಂದೆ. ಕಾಗದ ಬಂತು. ಆರು, ಕೆಳಗೆ, ಎಡಕ್ಕೆ. ಗೌಡರು ಪೆನ್ನು ಹುಡುಕಿದರು. ಅಷ್ಟು ಕೆಟ್ಟದಾಗಿ ಹೊಡೆದು ಅಷ್ಟು ಖುಷಿಯಾದದ್ದು ನನಗೆ ಅದೇ ಮೊದಲು.

ಪರಿಶೀಲನೆಗೆ ಬಾಗಲಗುಂಟೆಯ ನಮ್ಮ ಮನೆಗೆ ಬಂದ ಪೇದೆ ನನ್ನ ಎಲ್ಲ ತರ್ಕಕ್ಕಿಂತ ಹರಿತವಾಗಿದ್ದರು.

"ಯಾರಾದ್ರೂ ಬೆದರಿಕೆ ಹಾಕಿದಾರಾ ಮೇಡಂ?"

"ಇಲ್ಲ."

"ಹಂಗಾದ್ರೆ ಪಿಸ್ತೂಲ್ ಯಾಕೆ?"

"ಕ್ರೀಡೆಗೆ."

"ಶಟಲ್ ಆಡ್ಬೋದಲ್ವಾ?"

ಹಾವೇರಿಯಿಂದ ಬಂದು ಇಷ್ಟು ವರ್ಷವಾದರೂ ಮಾತು ಬದಲಾಗದ ನನ್ನವ್ವ ಚಹಾ ತಂದಿಟ್ಟು, "ನಾನೂ ಅದನ್ನ ಕೇಳಾಕತ್ತೇನ್ರಿ. ಇಕಿ ಬಾಯಿಗೇ ಒಂದು ಲೈಸೆನ್ಸ್ ಬೇಕಾಗೇತಿ, ಇನ್ನ ಪಿಸ್ತೂಲ್ ಬ್ಯಾರೆ" ಎಂದಳು. ಪೇದೆ ನಗುತ್ತ ಬರೆದುಕೊಂಡರು. ಬಂದೂಕಿಗೆ ಸರ್ಕಾರ ಇಷ್ಟೊಂದು ಯಾಕೆ ಯಾಕೆ ಎಂದು ಕೇಳುವುದು ಸರಿಯೇ ಎಂದು ಈಗ ನನಗನಿಸುತ್ತದೆ. ಕೇಳುವ ಕ್ರಮದ ಬಗ್ಗೆ ತಕರಾರಿದೆ, ಅದು ಬೇರೆ ಲೇಖನ.

ಗೌಡರನ್ನು ನಾನು ಮರೆಯದಿರಲು ಕಾರಣವಾದದ್ದು ಒಂದು ಭಾನುವಾರ. ಅವತ್ತು ಅವರ ಅಣ್ಣ ಮೆಟ್ಟಿಲಿಳಿದು ಬಂದರು. ತಮ್ಮನ ಹಾಗೇ ದಪ್ಪ, ಮೀಸೆ ಒಂದು ಹೆಚ್ಚಿಗೆ. ಹಿಂದೆ ಅವರ ಮಗ. ಅವನು ರೇಂಜಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ. ಬಂದಾಗಲೂ ಮೇಜಿನ ಮೇಲಿಟ್ಟ ಫೋನನ್ನೇ ತಿರುತಿರುಗಿ ನೋಡುತ್ತಿದ್ದ. ಪಿಸ್ತೂಲಿಗೆ ಅರ್ಜಿ ಹಾಕಬೇಕಿತ್ತು, ಚಿಕ್ಕಪ್ಪನ ಸಹಿ ಬೇಕಿತ್ತು. ಹುಡುಗನಿಗೆ ಅದು ಯಾಕೆ ಬೇಕು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜೀಪಿನ ಬಾನೆಟ್ಟಿನ ಮೇಲೆ ಕೂತು ರೀಲ್ಸ್ ಮಾಡುವಾಗ ಅವನ ಕೈ ಖಾಲಿ ಕಾಣುತ್ತಿತ್ತು.

"ಸೈನ್ ಆಕು" ಎಂದರು ಅಣ್ಣ, ನಿಂತೇ.

"ಕಲೀಲಿ ಅಣ್ಣ. ಕಲ್ತಮೇಲೆ ಆಕ್ತೀನಿ."

"ಬಾಗಲಗುಂಟೆ ಉಡುಗೀಗೆ ಆಕಿದ್ದೀಯ. ಒರಗಿನೋರ್ಗೆ ಆಯ್ತದೆ, ಮನೆ ಮಗೀಗೆ ಆಗಾಕಿಲ್ವಾ?"

ಬಾಗಲಗುಂಟೆಯ ಹುಡುಗಿ ನಾನು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. "ಸರ್, ಇಲ್ಲಿ ಒಳಗಿನವರು ಹೊರಗಿನವರು ಅನ್ನೋ ಪ್ರಶ್ನೆಯೇ ಬರಲ್ಲ. ಪ್ರಮಾಣಪತ್ರದ ಉದ್ದೇಶ ಏನು ಅಂದ್ರೆ…"

"ನೀನ್ ಸುಮ್ನಿರಮ್ಮ," ಎಂದರು ಗೌಡರು ಮೆತ್ತಗೆ. "ಇದು ಡಿಬೇಟ್ ಅಲ್ಲ. ಪಾಲು."

ಅಣ್ಣ ನೇರವಾಗಿ ಅಲ್ಲಿಗೇ ಬಂದರು. ನೆಲಮಾಳಿಗೆಯಲ್ಲಿ ಅರ್ಧ ಅವರದು. ಸಹಿ ಆಗದಿದ್ದರೆ ನಾಳೆಯೇ ಮೇಸ್ತ್ರಿಯನ್ನು ಕರೆದು ನಡುವೆ ಗೋಡೆ ಹಾಕಿಸುವುದಾಗಿ ಹೇಳಿದರು. ನಡುವೆ ಗೋಡೆ ಎದ್ದರೆ ರೇಂಜು ಇಲ್ಲ. ಅಷ್ಟೂ ಉದ್ದ ಬೇಕು, ಪರವಾನಗಿ ಕೊಟ್ಟಿರುವುದು ಆ ಉದ್ದಕ್ಕೇ. ಬ್ಯಾಂಕ್ ನೌಕರರು ನನ್ನ ಕಡೆ ನೋಡಿದರು. ಯಾರೂ ಹೊಡೆಯುತ್ತಿರಲಿಲ್ಲ. ಮೇಲೆ ಮಕ್ಕಳು ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಕೊಂಡಿದ್ದರು.

ಗೌಡರು ಕುರ್ಚಿಯಿಂದ ಏಳಲಿಲ್ಲ. "ಬಾಪ್ಪ" ಎಂದು ಹುಡುಗನನ್ನು ಕರೆದರು. "ಅಂಕ ಬ್ಯಾಡ ನಂಗೆ. ಒಂದ್ ಬಂದ್ರೂ ಸೈ. ಒಡ್ದು, ನೋಡೋಕ್ ಮುಂಚೆ ಏಳು. ನೀನ್ ಏಳಿದ್ದೂ ಕಾಗದದಾಗಿರೋದೂ ಒಂದೇ ಆದ್ರೆ ಈಗ್ಲೇ ಸೈನ್ ಆಕ್ತೀನಿ."

ಹುಡುಗ ಏರ್ ಪಿಸ್ತೂಲು ಹಿಡಿದು ನಿಂತ. ನಿಲುವು ಚೆನ್ನಾಗಿಯೇ ಇತ್ತು, ಫೋಟೋಗೆ ನಿಂತ ಹಾಗೆ. ಹೊಡೆದ.

"ಏಳು" ಎಂದರು ಗೌಡರು.

"ಟೆನ್ನು."

ಕಾಗದ ಬಂತು. ತೂತು ಕಪ್ಪು ವೃತ್ತದ ಆಚೆ ಬಿಳಿಯಲ್ಲಿತ್ತು.

"ಇನ್ನೊಂದ್."

"ಟೆನ್ನೇ ಚಿಕ್ಕಪ್ಪ. ಪಕ್ಕಾ."

ಈ ಸಲ ನಾಲ್ಕು. ಮುಂದಿನದೂ ಟೆನ್ನು ಎಂದ, ಅದು ಕಾಗದದ ಅಂಚು ಹರಿದುಕೊಂಡು ಹೋಗಿತ್ತು. ಹುಡುಗ ತಿರುಗಿ, "ಗನ್ನೇ ಸರಿ ಇಲ್ಲ ಬಿಡಿ" ಎಂದ. ತಿರುಗುವಾಗ ಪಿಸ್ತೂಲಿನ ಬಾಯಿಯೂ ಅವನ ಜೊತೆ ತಿರುಗಿತು, ಅವನ ಅಪ್ಪನ ಹೊಟ್ಟೆಯ ಕಡೆಗೆ. ಖಾಲಿ ಇತ್ತು. ಆದರೂ ಆ ಭಾರೀ ಶರೀರದ ಗೌಡರು ಕುರ್ಚಿಯಿಂದ ಹೇಗೆ ಎದ್ದು ಅವನ ಮಣಿಕಟ್ಟು ಹಿಡಿದು ಗೋಡೆಯ ಕಡೆ ತಿರುಗಿಸಿದರೋ ನನಗೆ ಕಾಣಲೇ ಇಲ್ಲ. ಪಿಸ್ತೂಲು ತೆಗೆದುಕೊಂಡು, ಕಿತ್ತಳೆ ದಾರ ತೂರಿಸಿ, ಮೇಜಿನ ಮೇಲಿಟ್ಟರು.

"ಆಗಾಕಿಲ್ಲ ಅಣ್ಣ. ಗೋಡೆ ಆಕ್ಸು. ನಾನೇ ಮೇಸ್ತ್ರಿ ಕಳ್ಸಿಕೊಡ್ತೀನಿ."

ದನಿ ಏರಿಸಲಿಲ್ಲ. ಮುಖ ಮಾತ್ರ ಬೂದಿಯಾಗಿತ್ತು. ಆ ನೆಲಮಾಳಿಗೆ ಅವರಿಗೆ ಏನಾಗಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ಹೆಂಡತಿ ತೀರಿಹೋದ ಮೇಲೆ ಅವರು ಭಾನುವಾರಗಳನ್ನೆಲ್ಲ ಕಳೆದದ್ದು ಅಲ್ಲೇ.

ಹುಡುಗ ಮೇಜಿನ ಮೇಲಿನ ಫೋನು ಕಿತ್ತುಕೊಂಡ. "ಬನ್ನಿ ಅಪ್ಪಾಜಿ. ಇವ್ರತ್ರ ಏನ್ ಮಾತು" ಎಂದು ದಡದಡನೆ ಮೆಟ್ಟಿಲು ಹತ್ತಿದ. ಮೇಲೆ ಜೀಪು ಗುರುಗುಟ್ಟಿದ್ದು ಕೇಳಿಸಿತು. ಅಣ್ಣ ಹೋಗಲಿಲ್ಲ. ಮೆಟ್ಟಿಲ ಕಡೆ ಒಮ್ಮೆ ನೋಡಿ, ನಮ್ಮ ಬೆಂಚಿನ ತುದಿಯಲ್ಲಿ ಕೂತು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

"ಟೀ ಗೀ ಸಿಕ್ತದಾ ಇಲ್ಲಿ?"

ಗೌಡರು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟರು. ಅಣ್ಣ ಅರ್ಧ ಕುಡಿದರು.

"ನಾನಾಗಿದ್ರೂ ಆಕ್ತಿರಲಿಲ್ಲ" ಎಂದರು.

ಗೌಡರು ಅರ್ಥವಾಗದೆ ನೋಡಿದರು.

"ಒಂದ್ ತಿಂಗ್ಳಿಂದ ಅವ್ನೂ ಅವ್ರವ್ವನೂ ತಲೆ ತಿಂದವ್ರೆ. ಬ್ಯಾಡ ಅನ್ನಕ್ಕೆ ನನ್ ಕೈಲಾಗ್ದು. ಯಾವತ್ತಾದ್ರೂ ಅಂದಿದ್ದೀನಾ, ಅವ್ನ್ ಕೇಳಿದ್ದಕ್ಕೆ? ನೀನ್ ಬ್ಯಾಡ ಅಂತೀಯ ಅಂತ ಗೊತ್ತಿತ್ತು. ಅಪ್ಪನ್ ಕೋವೀಗೇ ಅಂದೋನು."

"ಮತ್ತೆ ಗೋಡೆ?"

"ಮಗ ಎದ್ರಿಗೆ ನಿಂತಿದ್ನಲ್ಲ. ಅಷ್ಟಾದ್ರೂ ಅನ್ಬ್ಯಾಡ್ವಾ?"

ಗೌಡರು ಫ್ಲಾಸ್ಕಿನ ಮುಚ್ಚಳ ತಿರುಪಿ ಹಾಕಿದರು. ಆಮೇಲೆ, "ಬಡ್ಡಿಮಗ್ನೆ" ಎಂದರು. ಅಣ್ಣನಿಗೆ ಹಾಗನ್ನುವುದನ್ನು ಅವತ್ತೊಂದೇ ದಿನ ಕೇಳಿದ್ದು. ಅಣ್ಣ ತಲೆ ತಗ್ಗಿಸಿ ಇನ್ನೊಂದು ಲೋಟ ಟೀ ಕೇಳಿದರು.

ನನ್ನ ತಲೆಯಲ್ಲಿ ಗೋಡೆಯ ವಿರುದ್ಧ ಒಂದಲ್ಲ ನಾಲ್ಕು ಕಾನೂನು ಅಂಶಗಳು ಸಾಲುಗಟ್ಟಿದ್ದವು. ಜಂಟಿ ಆಸ್ತಿ, ಪೂರ್ವಾನುಮತಿ, ಇನ್ನೇನೇನೋ. ಒಂದೂ ಬೇಕಾಗಲಿಲ್ಲ. ಇದು ನನಗೆ ತುಸು ಬೇಜಾರನ್ನೂ ಬಹಳ ನೆಮ್ಮದಿಯನ್ನೂ ತಂದಿತು.

ಗೋಡೆ ಏಳಲಿಲ್ಲ. ಆದರೆ ಮನೆಯಲ್ಲಿ ಅಣ್ಣ ಹೇಳಿದ್ದು ಒಂದೇ ಮಾತು: ನಾನು ಏನೆಲ್ಲ ಮಾಡಿದೆ, ಅವನೇ ಒಪ್ಪಲಿಲ್ಲ. ಅಂದಿನಿಂದ ಅತ್ತಿಗೆ ಗೌಡರನ್ನು ಹಬ್ಬಕ್ಕೆ ಕರೆಯುವುದು ನಿಂತಿತು. ಹುಡುಗ ದಾರಿಯಲ್ಲಿ ಕಂಡರೂ ಮುಖ ತಿರುಗಿಸುತ್ತಾನೆ. ಗೌಡರು ಆ ದೂರನ್ನು ತಮ್ಮ ಮೇಲೆಯೇ ಇಟ್ಟುಕೊಂಡರು. ನಿಜ ಹೇಳಿಬಿಟ್ಟರೆ ಒಂದು ನಿಮಿಷದಲ್ಲಿ ತೀರುತ್ತದಲ್ಲ ಎಂದು ನಾನು ಕೆಣಕಿದ್ದುಂಟು. "ಅತ್ತಿಗೆ ನೆಟ್ಗೆ ಮುಖ ನೋಡಿ ಕೇಳ್ಲಿ, ಏಳ್ತೀನಿ. ಅವ್ರು ಕೇಳಾಕಿಲ್ಲ" ಎಂದು ಶೇಂಗಾ ಬಾಯಿಗೆ ಹಾಕಿಕೊಂಡರು. ಮಂಗಳವಾರಗಳಂದು ಅಣ್ಣ ಮಾರ್ಕೆಟ್ಟಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನೆಲಮಾಳಿಗೆಗೆ ಬರಲು ಶುರುಮಾಡಿದರು. ಅಂಕ ಬರುತ್ತಿರಲಿಲ್ಲ, ಎಲ್ಲಿಗೆ ಬಿತ್ತು ಎಂಬುದನ್ನು ಮಾತ್ರ ಸರಿಯಾಗಿ ಹೇಳುತ್ತಿದ್ದರು. ಗೌಡರು ಒಳಗೊಳಗೇ ಹಿಗ್ಗುವುದು ಹಿಂದಿನಿಂದಲೂ ಕಾಣುತ್ತಿತ್ತು.

ಮಂಡಿ ಆಪರೇಷನ್ ಆದ ಮೇಲೆ ಗೌಡರಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಕುರ್ಚಿಯಲ್ಲಿ ಈಗ ವಿಜಯಪುರದ ಕಡೆಯ ಒಬ್ಬ ಮೇಡಂ ಕೂರುತ್ತಾರೆ. "ಹೇಳ್ರಿ" ಎಂದು ಹಕಾರವನ್ನು ಹೊಟ್ಟೆಯಿಂದ ಎತ್ತಿ ಹೇಳುತ್ತಾರೆ. ಹೊಸಬರಿಗೆ ಯಾವ ಗೊಂದಲವೂ ಇಲ್ಲ. ಅದು ಸ್ವಲ್ಪ ನಷ್ಟವೇ.

ಕಳೆದ ವಾರ ಗೌಡರ ಮನೆಗೆ ಹೋಗಿ, ನಿಮ್ಮ ಬಗ್ಗೆ ಬರೆಯುತ್ತೇನೆ ಎಂದೆ. ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಮೆಟ್ರೋ ವಿಷಯವನ್ನೂ ಬರೆಯುತ್ತೇನೆ ಎಂದು ಹೆದರಿಸಿ ನೋಡಿದೆ. "ಬರಿ, ಒಂದೆರಡ್ ಫ್ಲಾಟ್ ಇನ್ನೂ ಅವೆ" ಎಂದರು. ಕೋವಿ, ಗೋಡೆ, ಟೀ, ಎಲ್ಲವನ್ನೂ ಬರೆಯಬಹುದೇ ಎಂದು ಕೇಳಿದೆ. ಮುಖ ನೋಡಿಯೇ ಕೇಳಿದೆ.

ಚಾಚಿದ ಕಾಲನ್ನು ಕೈಯಿಂದ ಎತ್ತಿ ಸರಿಸಿಕೊಂಡರು. "ಎಲ್ಲಾ ಬರಿ. ಊರ್ ಬದ್ಲಾಯ್ಸು, ಎಸರೂ ಆಕ್ಬ್ಯಾಡ, ನಂದೂ ಬ್ಯಾಡ, ಅಣ್ಣಂದೂ ಬ್ಯಾಡ. ಅತ್ತಿಗೆ ಪೇಪರ್ ಓದ್ತಾರೆ."

"ಓದಿದರೆ ನಿಮಗೆ ಒಳ್ಳೆಯದೇ ಅಲ್ವಾ? ಹಬ್ಬಕ್ಕೆ ಕರೀತಾರೆ."

"ನಂಗೇನಮ್ಮ, ಓಟ್ಲಾಗಾದ್ರೂ ಉಂಡೇನು. ಅಣ್ಣ ಮೂರೊತ್ತೂ ಆ ಮನೇಲೇ ಉಣ್ಬೇಕಲ್ಲ."